ಆರೇಳು ತಿಂಗಳಲ್ಲಿ ಎರಡು ರೇಡಿಯೇಟರ್, ಎರಡು ಟರ್ಬೋ: ನನ್ನ ಪಿಕ್‌ಅಪ್‌ಗೆ ಏನಾಗಿದೆ?

ಟೊಮ್ಯಾಟೊ ಗಾಡಿ, ಕೋಲಾರ

ಎಲ್ಲರಿಗೂ ನಮಸ್ಕಾರ. ನನ್ನದು 2018ರ ಡೀಸೆಲ್ ಪಿಕ್‌ಅಪ್, ಬಿಎಸ್-4, ಎರಡೂವರೆ ಲೀಟರ್ ಎಂಜಿನ್. ಮೀಟರ್ 2 ಲಕ್ಷ 10 ಸಾವಿರ ತೋರಿಸುತ್ತಿದೆ. ಕಂಪನಿ ಹೆಸರು ಹೇಳುವುದಿಲ್ಲ. ಹೇಳಿದರೆ ಚರ್ಚೆಯೆಲ್ಲ ಯಾವ ಕಂಪನಿ ಗಾಡಿ ಒಳ್ಳೆಯದು ಅನ್ನುವ ಕಡೆ ಹೋಗುತ್ತದೆ, ನನ್ನ ಗಾಡಿ ಶೆಡ್‌ನಲ್ಲೇ ಉಳಿಯುತ್ತದೆ.

ಕೋಲಾರ ಮಾರುಕಟ್ಟೆಯಿಂದ ಮಂಗಳೂರಿಗೆ ಟೊಮ್ಯಾಟೊ ಹೊಡೆಯುತ್ತೇನೆ. ವಾರಕ್ಕೆ ಎರಡು ಟ್ರಿಪ್. ಬರುವಾಗ ಏನು ಸಿಕ್ಕಿದರೂ ಹಾಕಿಕೊಂಡು ಬರುತ್ತೇನೆ, ಜಾಸ್ತಿ ಒಣಮೀನು.

ಗಣಪತಿ ಹಬ್ಬದ ಹೊತ್ತಿಗೆ ರೇಡಿಯೇಟರ್ ಸೋರಿತು. ಹಳೆಯದು ಅಂತ ಹೊಸದು ಹಾಕಿಸಿದೆ, 7,200 ರೂಪಾಯಿ. ದೀಪಾವಳಿಗೆ ಟರ್ಬೋ, ಅಂದರೆ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಫ್ಯಾನ್, ಹೋಯಿತು. ಶಿಳ್ಳೆ ಹೊಡೆದ ಹಾಗೆ ಸದ್ದು, ಆಮೇಲೆ ನೀಲಿ ಹೊಗೆ. ಹೊಸ ಟರ್ಬೋ 26,000. ಸಂಕ್ರಾಂತಿಗೆ ಮತ್ತೆ ರೇಡಿಯೇಟರ್, 6,800. ಶಿವರಾತ್ರಿಗೆ ಮತ್ತೆ ಟರ್ಬೋ. ಈ ಸಲ ರೀಕಂಡೀಷನ್ ಹಾಕಿಸಿದೆ, 13,500. ಕೂಲಿ ಬೇರೆ, ಸುಮಾರು 8,000. ಲೆಕ್ಕ ಹಾಕಿದರೆ 61,500 ರೂಪಾಯಿ. ಹಬ್ಬ ಬಂತು ಅಂದರೆ ಮನೆಯಲ್ಲಿ ಎಲ್ಲರಿಗೂ ಖುಷಿ, ನನಗೆ ಭಯ.

ಈಗ ಮತ್ತೆ ನೀರು ಕಡಿಮೆಯಾಗುತ್ತಿದೆ. ಯಾರಿಗಾದರೂ ಹೀಗಾಗಿದೆಯಾ?

ಮೂರು ಗಾಡಿ, ಹಾವೇರಿ

ಅಣ್ಣಾ, ಥರ್ಮೋಸ್ಟಾಟ್ ತೆಗೆದು ಬಿಸಾಕಿ. ನಮ್ಮ ಮೂರೂ ಗಾಡಿಯಲ್ಲಿ ತೆಗೆದಿದ್ದೇವೆ. ಬ್ಯಾಡಗಿ ಮೆಣಸಿನಕಾಯಿ ಲೋಡ್ ಹಾಕಿಕೊಂಡು ಬಿಸಿಲಲ್ಲಿ ಹೋಗುತ್ತೇವೆ, ಏನೂ ಆಗಿಲ್ಲ.

ಹಳೇ ಮೇಸ್ತ್ರಿ, ತುಮಕೂರು

ಥರ್ಮೋಸ್ಟಾಟ್ ತೆಗೆಯಬೇಡಿ. ಇದೊಂದು ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದು ನೀರು ಸುಮಾರು 82 ಡಿಗ್ರಿ ಕಾದಾಗ ರೇಡಿಯೇಟರ್ ಕಡೆಗೆ ಬಾಯಿ ಬಿಡುವ ಒಂದು ಬಾಗಿಲು, ಅಷ್ಟೇ. ಎಷ್ಟೋ ಎಂಜಿನ್‌ಗಳಲ್ಲಿ ಅದು ಪೂರ್ತಿ ತೆರೆದಾಗ ಇನ್ನೊಂದು ಕಡೆಯ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ನೀವು ತೆಗೆದರೆ ಬೈಪಾಸ್ ಸದಾ ತೆರೆದೇ ಇರುತ್ತದೆ. ಅರ್ಧ ನೀರು ರೇಡಿಯೇಟರ್ ಮುಖವನ್ನೇ ನೋಡದೆ ಎಂಜಿನ್‌ಗೆ ವಾಪಸ್ ಹೋಗುತ್ತದೆ. ಬಯಲುಸೀಮೆ ರಸ್ತೆಯಲ್ಲಿ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಎಂಜಿನ್ ಕಾಯದೆ ಡೀಸೆಲ್ ಕುಡಿಯುತ್ತದೆ, ಅದು ಬೇರೆ.

ಕೋಲಾರದ ಅಣ್ಣ, ನಾಲ್ಕು ಪ್ರಶ್ನೆ. ನೀರು ಎಲ್ಲಿಯದು ಹಾಕುತ್ತೀರಿ? ರೇಡಿಯೇಟರ್ ಎಲ್ಲಿ ಸೋರಿತು, ಪ್ಲಾಸ್ಟಿಕ್ ಟ್ಯಾಂಕ್ ಸೇರುವ ಕಡೆಯೋ, ನಡುವಿನ ಜಾಲರಿಯಲ್ಲೋ? ಟರ್ಬೋ ಬದಲಿಸುವಾಗ ಆಯಿಲ್ ಪೈಪ್ ಬದಲಿಸಿದರಾ? ಎಷ್ಟು ಕ್ರೇಟ್ ಹಾಕುತ್ತೀರಿ? ಸುಳ್ಳು ಹೇಳಬೇಡಿ.

ಟೊಮ್ಯಾಟೊ ಗಾಡಿ, ಕೋಲಾರ

ಮೇಸ್ತ್ರಿಗಳೇ, ಸತ್ಯವೇ ಹೇಳುತ್ತೇನೆ. ನೀರು ನಮ್ಮ ತೋಟದ ಬೋರ್‌ವೆಲ್‌ನದು. ಕೂಲಂಟ್ ಮೊದಲ ಸಲ ಹಾಕಿದ್ದರು, ಆಮೇಲೆ ಕಡಿಮೆಯಾದಾಗ ಬರೀ ನೀರು. ಟರ್ಬೋ ಜೊತೆ ಆಯಿಲ್ ಪೈಪ್ ಬದಲಿಸಿಲ್ಲ, "ಚೆನ್ನಾಗಿದೆ" ಅಂದರು. ಕ್ರೇಟ್ 130.

ಸೋರಿದ್ದು ಜಾಲರಿಯಲ್ಲಿ. ಸೂಜಿ ಚುಚ್ಚಿದ ಹಾಗೆ ಅಲ್ಲೊಂದು ಇಲ್ಲೊಂದು ತೂತು. ಎರಡೂ ಹಳೇ ರೇಡಿಯೇಟರ್ ಮನೆ ಹಿಂದೆ ಬಿದ್ದಿವೆ. ಒಂದರ ಮೇಲೆ ಕೋಳಿ ಕೂರುತ್ತದೆ.

ಕರಾವಳಿ ಡೀಸೆಲ್, ಉಪ್ಪಿನಂಗಡಿ

130 ಕ್ರೇಟಾ ಮಾರಾಯ್ರೇ! ಒಂದು ಕ್ರೇಟ್‌ಗೆ 15 ಕೆಜಿ ಹಿಡಿದರೂ ಟೊಮ್ಯಾಟೊ ಒಂದೇ 1,950 ಕೆಜಿ ಆಯಿತು. ಖಾಲಿ ಕ್ರೇಟಿನ ತೂಕ ಬೇರೆ. ನಿಮ್ಮ ಆರ್‌ಸಿ ಪುಸ್ತಕದಲ್ಲಿ ಎಷ್ಟಿದೆ ನೋಡಿ.

ಆದರೆ ನನಗೊಂದು ಅನುಮಾನ. ನೀವು ಟೊಮ್ಯಾಟೊ ತುಂಬಿಕೊಂಡು ಬರುವುದು ಇಳಿಜಾರಿನಲ್ಲಿ. ಶಿರಾಡಿ ಹತ್ತುವುದು ವಾಪಸ್ ಹೋಗುವಾಗ. ಹೀಟ್ ಆಗುವುದು ಯಾವಾಗ?

ಟೊಮ್ಯಾಟೊ ಗಾಡಿ, ಕೋಲಾರ

ವಾಪಸ್ ಬರುವಾಗಲೇ. ಗುಂಡ್ಯ ದಾಟಿ ಮಾರನಹಳ್ಳಿ ಹೊತ್ತಿಗೆ ಮುಳ್ಳು ಮೇಲೆ ಏರುತ್ತದೆ. ಒಣಮೀನು ಲೋಡ್ ಒಂದು ಟನ್ ಕೂಡ ಇರುವುದಿಲ್ಲ. ದೋಣಿಗಲ್ ತಲುಪಿ ಚಹಾ ಅಂಗಡಿ ಹತ್ತಿರ ಗಾಡಿ ನಿಲ್ಲಿಸಿ ಆಫ್ ಮಾಡುತ್ತೇನೆ. ತಣ್ಣಗಾದ ಮೇಲೆ ನೀರು ತುಂಬಿಸಿ ಹೊರಡುತ್ತೇನೆ.

ಹಳೇ ಮೇಸ್ತ್ರಿ, ತುಮಕೂರು

ಘಾಟಿ ಹತ್ತಿದ ಕೂಡಲೇ ಆಫ್ ಮಾಡುತ್ತೀರಾ? ಅಯ್ಯೋ.

ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ. ಟರ್ಬೋದ ಒಳಗಿನ ಶಾಫ್ಟ್ ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಜಾಸ್ತಿ ತಿರುಗುತ್ತದೆ. ನಮ್ಮ ಗಾಡಿಗಳಲ್ಲಿ ಅದಕ್ಕೆ ಗುಂಡು ಬೇರಿಂಗ್ ಇರುವುದಿಲ್ಲ. ಬುಷ್ ಇರುತ್ತದೆ, ಬುಷ್ಷಿಗೂ ಶಾಫ್ಟಿಗೂ ನಡುವೆ ಆಯಿಲ್ ಪದರ ಇರುತ್ತದೆ. ಶಾಫ್ಟ್ ಆಯಿಲ್ ಮೇಲೆ ತೇಲುತ್ತಾ ತಿರುಗುತ್ತದೆ. ಒಂದು ಬದಿಯಲ್ಲಿ ಸೈಲೆನ್ಸರ್ ಕಡೆಯ ಬೆಂಕಿಯಂಥ ಹೊಗೆ, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ. ನೀವು ಕೀ ತಿರುಗಿಸಿ ಆಫ್ ಮಾಡಿದ ಕ್ಷಣ ಆಯಿಲ್ ಪಂಪ್ ನಿಂತಿತು. ಶಾಫ್ಟ್ ಇನ್ನೂ ತಿರುಗುತ್ತಿದೆ, ಬಿಸಿ ಹಾಗೇ ಇದೆ. ಒಳಗೆ ನಿಂತ ಆಯಿಲ್ ಬಾಣಲೆಯಲ್ಲಿ ಬಿಟ್ಟ ಒಗ್ಗರಣೆ ಹಾಗೆ ಕರಟುತ್ತದೆ. ಹತ್ತು ಸಲ ಹೀಗಾದರೆ ಆ ಕರಿ ಪೈಪಿನ ಒಳಗೆ ಪದರ ಕಟ್ಟುತ್ತದೆ. ಪೈಪಿನ ಒಳಗಿನ ದಾರಿಯೇ ಸಣ್ಣದು. ಆಯಿಲ್ ಕಡಿಮೆ ಬಂದರೆ ಹೊಸ ಟರ್ಬೋ ಇರಲಿ, ವಿಮಾನದ ಟರ್ಬೋ ತಂದು ಹಾಕಿದರೂ ಉಳಿಯುವುದಿಲ್ಲ.

ನನ್ನ ಕೆಲಸದಲ್ಲಿ ನೋಡಿದ್ದು ಇದು: ತಾನಾಗಿ ಸತ್ತ ಟರ್ಬೋ ಕಡಿಮೆ. ಆಯಿಲ್ ಸಿಗದೆ, ಆಯಿಲ್ ಕೊಳಕಾಗಿ, ಇಲ್ಲಾ ಏರ್ ಫಿಲ್ಟರ್ ದಾಟಿ ಧೂಳು ಹೋಗಿ ಸತ್ತಿದ್ದೇ ಜಾಸ್ತಿ. ನಿಮ್ಮ ಎರಡನೇ ಟರ್ಬೋ ನಾಲ್ಕು ತಿಂಗಳು ಕೂಡ ಬಾಳಲಿಲ್ಲ ಅಂದರೆ ಹಳೇ ಪೈಪೇ ಕೊಂದಿದೆ ಅನ್ನುವುದು ನನ್ನ ಅನುಮಾನ.

ಇನ್ನೊಂದು. ಮೊದಲ ಟರ್ಬೋ ಹೋದಾಗ ರೆಕ್ಕೆ ಮುರಿದಿತ್ತಾ? ಮುರಿದಿದ್ದರೆ ಚೂರುಗಳು ಟರ್ಬೋದ ಬಿಸಿ ಗಾಳಿ ತಣ್ಣಗೆ ಮಾಡುವ ಇಂಟರ್‌ಕೂಲರ್ ಒಳಗೆ ಕೂತಿರುತ್ತವೆ. ಬಿಚ್ಚಿ ತೊಳೆದರಾ?

ಟೊಮ್ಯಾಟೊ ಗಾಡಿ, ಕೋಲಾರ

ರೆಕ್ಕೆ ಮುರಿದಿರಲಿಲ್ಲ. ಅಂಚು ಸವೆದಿತ್ತು. ಇಂಟರ್‌ಕೂಲರ್ ಬಿಚ್ಚಿಲ್ಲ, ಮೇಲಿಂದ ಗಾಳಿ ಹೊಡೆದರು ಅಷ್ಟೇ.

ಡಲ್ಲಾಸ್ ಕನ್ನಡಿಗ

ಇಲ್ಲಿ ಟೆಕ್ಸಾಸ್‌ನಲ್ಲಿ ನಾನೂ ಒಂದು ಡೀಸೆಲ್ ಪಿಕ್‌ಅಪ್ ಇಟ್ಟುಕೊಂಡಿದ್ದೇನೆ, ಕುದುರೆ ಟ್ರೇಲರ್ ಎಳೆಯಲು. ಊರಲ್ಲಿ ಎತ್ತಿನ ಗಾಡಿ ಹೊಡೆಯುತ್ತಿದ್ದವನು, ಈಗ ಕುದುರೆಗೆ ನಾನೇ ಸಾರಥಿ. ಇರಲಿ.

ನಿಮ್ಮ ಗಾಡಿಗೂ ಇಲ್ಲಿಯ ಗಾಡಿಗೂ ಸಂಬಂಧ ಇಲ್ಲ. ಆದರೂ ಒಂದು ವಿಷಯ ಹೇಳಬೇಕು ಅನ್ನಿಸಿತು. ಫೋರ್ಡ್ 6.0 ಲೀಟರ್ ಡೀಸೆಲ್ ಪಿಕ್‌ಅಪ್‌ಗಳು 2003ರಿಂದ 2007ರ ತನಕ ಬಂದವು. ನನ್ನದು ಅದಲ್ಲ, ಆದರೆ ಅದರ ಕಥೆ ಇಲ್ಲಿ ಡೀಸೆಲ್ ಓಡಿಸುವವರಿಗೆಲ್ಲ ಗೊತ್ತು. ಆ ಎಂಜಿನ್‌ನಲ್ಲಿ ಆಯಿಲ್ ತಣ್ಣಗೆ ಮಾಡುವ ಕೂಲರ್ ಒಳಗಿನ ಸಣ್ಣ ದಾರಿಗಳು ಕೂಲಂಟಿನ ಕೊಳೆಯಿಂದ ಕಟ್ಟಿಕೊಳ್ಳುತ್ತಿದ್ದವು. ಅಲ್ಲಿಂದ ಮುಂದೆ ಇಜಿಆರ್ ಕೂಲರ್‌ಗೆ, ಅಂದರೆ ಎಂಜಿನ್‌ಗೆ ಮರಳಿ ಬಿಡುವ ಹೊಗೆಯನ್ನು ತಣ್ಣಗೆ ಮಾಡುವ ಭಾಗಕ್ಕೆ, ಹೋಗಬೇಕಾದ ನೀರು ನಿಲ್ಲುತ್ತಿತ್ತು. ಅದು ಬಿಸಿಗೆ ಒಡೆಯುತ್ತಿತ್ತು. ಆಮೇಲೆ ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವಿನ ಪದರ, ಹೋಗುತ್ತಿತ್ತು. ಜನ ಇಜಿಆರ್ ಕೂಲರ್ ಬದಲಿಸುತ್ತಿದ್ದರು, ಅದು ಮತ್ತೆ ಒಡೆಯುತ್ತಿತ್ತು. ಮೂಲ ಕಟ್ಟಿಕೊಂಡ ಆಯಿಲ್ ಕೂಲರ್ ಹಾಗೇ ಉಳಿದಿರುತ್ತಿತ್ತು.

ಅದಕ್ಕೆ ಇಲ್ಲಿ ಒಂದು ಲೆಕ್ಕ ಹುಟ್ಟಿಕೊಂಡಿತು. ಆ ಎಂಜಿನ್‌ನಲ್ಲಿ ಹೈವೇಯಲ್ಲಿ ಒಂದೇ ವೇಗದಲ್ಲಿ ಹೋಗುವಾಗ ಆಯಿಲ್ ಬಿಸಿಗೂ ಕೂಲಂಟ್ ಬಿಸಿಗೂ 15 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 8 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಆಯಿಲ್ ಕೂಲರ್ ನೋಡು ಅಂತ. ನಿಮ್ಮ ಗಾಡಿಗೆ ಆ ಲೆಕ್ಕ ಹೊಂದುತ್ತದೆ ಅನ್ನುತ್ತಿಲ್ಲ. ನೀರಿನ ಕಾಯಿಲೆ ಆಯಿಲಿಗೆ ದಾಟುತ್ತದೆ ಅನ್ನುವುದಕ್ಕೆ ಹೇಳಿದೆ.

ಮೂರು ಗಾಡಿ, ಹಾವೇರಿ

ಅಮೆರಿಕದ ಗಾಡಿ ಕಥೆ ಕಟ್ಟಿಕೊಂಡು ನಮಗೇನಾಗಬೇಕು ರೀ? ಇಲ್ಲಿ 130 ಕ್ರೇಟ್ ಪ್ರಶ್ನೆ ಇದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಬರೆದುಕೊಳ್ಳಿ.

ಹಳೇ ಮೇಸ್ತ್ರಿ, ತುಮಕೂರು

ಹೆಡ್ ಗ್ಯಾಸ್ಕೆಟ್ ಅನುಮಾನ ನ್ಯಾಯವಾದದ್ದೇ. ಅದನ್ನು ಮೊದಲು ತಳ್ಳಿಹಾಕಬೇಕು. ಕೋಲಾರದ ಅಣ್ಣ, ಬೆಳಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ. ಬಿಸಿ ಇರುವಾಗ ತೆಗೆಯಲೇಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ. ಸ್ಟಾರ್ಟ್ ಆದಾಗಿನಿಂದಲೇ ಬಿಡದೆ ಗುಳ್ಳೆ ಬರುತ್ತಿದ್ದರೆ ಗ್ಯಾಸ್ಕೆಟ್ ಅನುಮಾನ. ಬೆಳಗ್ಗೆ ತಣ್ಣಗಿರುವಾಗಲೇ ಹೋಸ್ ಕಲ್ಲಿನ ಹಾಗೆ ಗಟ್ಟಿ ಇದ್ದರೂ ಅದೇ. ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಹಾಲು ಹಾಕಿದ ಕಾಫಿ ಬಣ್ಣ ಇದೆಯಾ ನೋಡಿ. ಊರಲ್ಲಿ ಯಾರ ಹತ್ತಿರವಾದರೂ ನೀಲಿ ದ್ರವದ ಟೆಸ್ಟರ್ ಇದ್ದರೆ ಇನ್ನೂ ಒಳ್ಳೆಯದು. ಎಂಜಿನ್ ಹೊಗೆ ನೀರಿಗೆ ನುಗ್ಗಿದ್ದರೆ ನೀಲಿ ಬಣ್ಣ ಹಸಿರಿಗೆ ಇಲ್ಲಾ ಹಳದಿಗೆ ತಿರುಗುತ್ತದೆ.

ಮುಚ್ಚಳವನ್ನೂ ಬದಲಿಸಿ. ಅದು ಸುಮ್ನೆ ಮುಚ್ಚಳ ಅಲ್ಲ, ಒಳಗೆ ಸ್ಪ್ರಿಂಗ್ ಇದೆ. ಸುಮಾರು ಒಂದು ಬಾರ್ ಒತ್ತಡ ಹಿಡಿದಿಡುತ್ತದೆ. ಒತ್ತಡ ಇದ್ದರೆ ನೀರು 120 ಡಿಗ್ರಿ ಹತ್ತಿರ ಹೋಗುವ ತನಕ ಕುದಿಯುವುದಿಲ್ಲ. ಸ್ಪ್ರಿಂಗ್ ಸೋತರೆ 100ಕ್ಕೇ ಕುದಿಯುತ್ತದೆ, ಸಕಲೇಶಪುರದ ಎತ್ತರದಲ್ಲಿ ಇನ್ನೂ ಮೂರು ಡಿಗ್ರಿ ಮೊದಲೇ.

ವೈರಿಂಗ್ ಅಂಗಡಿ, ಶಿವಮೊಗ್ಗ

ನಾನು ಎಂಜಿನ್ ಕೆಲಸದವನಲ್ಲ, ಆಟೋ ಎಲೆಕ್ಟ್ರಿಷಿಯನ್. ಆದರೆ ಆ "ಸೂಜಿ ತೂತು" ಅನ್ನುವ ಮಾತು ನನ್ನನ್ನು ಕೂರಲು ಬಿಡುತ್ತಿಲ್ಲ.

ಕಲ್ಲು ಹೊಡೆದರೆ ತೂತು ಹೊರಗಿಂದ, ಒಂದೇ ಕಡೆ. ಅಲುಗಾಟಕ್ಕೆ ಒಡೆದರೆ ಟ್ಯಾಂಕ್ ಸೇರುವ ಅಂಚಿನಲ್ಲಿ ಬಿರುಕು. ಹೊಸ ಅಲ್ಯೂಮಿನಿಯಂ ರೇಡಿಯೇಟರ್ ನಾಲ್ಕು ತಿಂಗಳಲ್ಲಿ ಅಲ್ಲಲ್ಲಿ ಒಳಗಿಂದ ತೂತು ಬಿದ್ದರೆ ನಾನು ಮೊದಲು ಕೇಳುವುದು ಅರ್ತಿಂಗ್. ಎಂಜಿನ್‌ನಿಂದ ಚಾಸಿಗೆ, ಬ್ಯಾಟರಿ ಮೈನಸ್‌ಗೆ ಹೋಗುವ ದಪ್ಪ ಅರ್ತ್ ವೈರ್ ಕಡಿದಿದ್ದರೆ, ಸಡಿಲ ಇದ್ದರೆ, ಸ್ಟಾರ್ಟರ್‌ನ ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಕೂಲಂಟೂ ಒಂದು ದಾರಿ. ಉಪ್ಪು ತುಂಬಿದ ಬೋರ್ ನೀರಾದರೆ ಇನ್ನೂ ಸಲೀಸು. ಆ ಕರೆಂಟ್ ಅಲ್ಯೂಮಿನಿಯಂ ತಿನ್ನುತ್ತದೆ.

ಅಳೆಯುವುದು ಸುಲಭ. ಮಲ್ಟಿಮೀಟರ್ ಡಿಸಿ ವೋಲ್ಟ್‌ಗೆ ಇಡಿ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್‌ಗೆ. ಎಂಜಿನ್ ತಣ್ಣಗಿರುವಾಗ ಮುಚ್ಚಳ ತೆಗೆದು ಕೆಂಪು ಕಡ್ಡಿ ನೀರಲ್ಲಿ ಅದ್ದಿ, ಲೋಹಕ್ಕೆ ತಾಗಬಾರದು. ಎಲ್ಲ ಆಫ್ ಇದ್ದಾಗ ಒಂದು ಸಲ, ಲೈಟ್ ಹಾಕಿ ಒಂದು ಸಲ, ಯಾರಿಗಾದರೂ ಸೆಲ್ಫ್ ಹೊಡೆಯಲು ಹೇಳಿ ಒಂದು ಸಲ. 0.3 ವೋಲ್ಟ್ ದಾಟಿದರೆ ಅನುಮಾನ. ಎಲ್ಲ ಆಫ್ ಇದ್ದಾಗಲೂ ಜಾಸ್ತಿ ತೋರಿಸಿದರೆ ಅದು ನೀರಿನದೇ ಕೆಲಸ ಇರಬಹುದು, ನೀರು ಪೂರ್ತಿ ಬದಲಿಸಿ ಮತ್ತೆ ಅಳೆಯಿರಿ. ಸೆಲ್ಫ್ ಹೊಡೆದಾಗ ಮಾತ್ರ ಹಾರಿದರೆ ಅರ್ತಿಂಗೇ.

ಗಣಪತಿ ಹಬ್ಬಕ್ಕೆ ಮೊದಲು ಗಾಡಿಗೆ ಏನಾದರೂ ದೊಡ್ಡ ಕೆಲಸ ಆಗಿತ್ತಾ?

ಟೊಮ್ಯಾಟೊ ಗಾಡಿ, ಕೋಲಾರ

ಆಷಾಢದಲ್ಲಿ ಬಾಡಿಗೆ ಕಡಿಮೆ ಇತ್ತು, ಆಗ ಕ್ಲಚ್ ಪ್ಲೇಟ್ ಹಾಕಿಸಿದ್ದೆ. ಗೇರ್‌ಬಾಕ್ಸ್ ಇಳಿಸಿದ್ದರು. ಅದಕ್ಕೂ ಇದಕ್ಕೂ ಏನು ಸಂಬಂಧ ಸಾರ್?

ವೈರಿಂಗ್ ಅಂಗಡಿ, ಶಿವಮೊಗ್ಗ

ಎಷ್ಟೋ ಗಾಡಿಗಳಲ್ಲಿ ಅರ್ತ್ ಪಟ್ಟಿ ಗೇರ್‌ಬಾಕ್ಸ್ ಬೋಲ್ಟಿಗೇ ಇರುತ್ತದೆ. ಇಳಿಸುವಾಗ ಬಿಚ್ಚುತ್ತಾರೆ. ಏರಿಸುವಾಗ ಮರೆಯುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದಲ್ಲ, ಯಾರಿಗೂ ನೆನಪಾಗುವುದಿಲ್ಲ. ಈಗಲೇ ಹೋಗಿ ಅಳೆಯಿರಿ.

ಟೊಮ್ಯಾಟೊ ಗಾಡಿ, ಕೋಲಾರ (ಮರುದಿನ)

ಬೆಳಗ್ಗೆ ಆರಕ್ಕೆ ಎದ್ದು ಅಳೆದೆ. ಭಾಮೈದ ಸೆಲ್ಫ್ ಹೊಡೆದ. ಆಫ್ ಇದ್ದಾಗ 0.18. ಲೈಟ್ ಹಾಕಿದಾಗ 0.25. ಸೆಲ್ಫ್ ಹೊಡೆದಾಗ 1.4.

ಎರಡು ಸಲ ಅಳೆದೆ, ಅಷ್ಟೇ ಬಂತು.

ಗಾಡಿ ಕೆಳಗೆ ಮಲಗಿ ನೋಡಿದೆ. ಗೇರ್‌ಬಾಕ್ಸ್ ಪಕ್ಕ ಚಾಸಿ ಮೇಲೆ ಒಂದು ಖಾಲಿ ಬೋಲ್ಟ್ ತೂತು ಇದೆ, ಸುತ್ತ ಬಣ್ಣ ಇಲ್ಲದೆ ತುಕ್ಕು ಹಿಡಿದಿದೆ. ಪಟ್ಟಿ ಇಲ್ಲ.

ಗುಳ್ಳೆ ಬರಲಿಲ್ಲ. ಡಿಪ್‌ಸ್ಟಿಕ್ ಕಪ್ಪಗಿದೆ, ಕಾಫಿ ಬಣ್ಣ ಇಲ್ಲ.

ಮೂರು ಗಾಡಿ, ಹಾವೇರಿ

ಒಂದು ವೈರ್ ಇಲ್ಲದ್ದಕ್ಕೆ ರೇಡಿಯೇಟರ್ ತೂತಾ? ನಂಬಲು ಆಗುತ್ತಿಲ್ಲ. ನಾಳೆ ನಾನೂ ನನ್ನ ಗಾಡಿಗಳನ್ನು ಅಳೆಯುತ್ತೇನೆ.

ಹಳೇ ಮೇಸ್ತ್ರಿ, ತುಮಕೂರು

ಶಿವಮೊಗ್ಗದವರಿಗೆ ದೊಡ್ಡ ನಮಸ್ಕಾರ. ನಾನು ಬೋರ್ ನೀರಿನ ಉಪ್ಪೇ ತಿಂದಿದೆ ಅಂದುಕೊಂಡಿದ್ದೆ. ಅದೂ ಸೇರಿದೆ, ಆದರೆ ಇಷ್ಟು ಬೇಗ ತೂತು ಬೀಳಬೇಕಾದರೆ ಬೇರೆ ಏನೋ ಇರಲೇಬೇಕಿತ್ತು.

ಈಗ ನನಗೆ ಕಾಣುವುದು ಹೀಗೆ. ಪಟ್ಟಿ ಹೋಯಿತು, ರೇಡಿಯೇಟರ್ ತೂತಾಯಿತು. ನೀರು ಕಡಿಮೆಯಾಗಿ ಘಾಟಿಯಲ್ಲಿ ಎಂಜಿನ್ ಕಾಯಿತು. ಕಾದ ಎಂಜಿನ್ನನ್ನು ದೋಣಿಗಲ್‌ನಲ್ಲಿ ಹಾಗೇ ಆಫ್ ಮಾಡಿದಿರಿ. ಆಯಿಲ್ ಪೈಪಿನಲ್ಲಿ ಕರಿ ಕಟ್ಟಿತು, ಟರ್ಬೋ ಸತ್ತಿತು. ಹೊಸ ಟರ್ಬೋಗೆ ಅದೇ ಪೈಪ್. ಇದು ಊಹೆ, ಪೈಪ್ ಬಿಚ್ಚಿದರೆ ಗೊತ್ತಾಗುತ್ತದೆ. ರೆಕ್ಕೆ ಅಂಚು ಸವೆದಿತ್ತು ಅಂದಿರಲ್ಲ, ಶಾಫ್ಟ್ ಸಡಿಲವಾಗಿ ಗೋಡೆಗೆ ಉಜ್ಜಿದರೂ ಸವೆಯುತ್ತದೆ, ಧೂಳು ಹೊಡೆದರೂ ಸವೆಯುತ್ತದೆ. ಹಾಗಾಗಿ ಏರ್ ಫಿಲ್ಟರ್ ಡಬ್ಬಿಯಿಂದ ಟರ್ಬೋ ತನಕದ ರಬ್ಬರ್ ಹೋಸನ್ನೂ ಬಗ್ಗಿಸಿ ನೋಡಿ. ಬಿರುಕು ಮಡಿಕೆಯ ಒಳಗೆ ಅಡಗಿರುತ್ತದೆ.

ಮಾಡಬೇಕಾದ್ದು: ಮೊದಲು ಪಟ್ಟಿ, ಬಣ್ಣ ಉಜ್ಜಿ ಲೋಹಕ್ಕೆ ಲೋಹ ತಾಗುವ ಹಾಗೆ. ಆಮೇಲೆ ಟರ್ಬೋದ ಆಯಿಲ್ ಬರುವ ಪೈಪ್ ಹೊಸದು, ಅದರ ತೂತಿನ ಬೋಲ್ಟ್ ಮತ್ತು ತಾಮ್ರದ ವಾಷರ್ ಕೂಡ ಹೊಸದು. ಅಲ್ಲಿ ಗ್ಯಾಸ್ಕೆಟ್ ಪೇಸ್ಟ್ ಬಳಸಲು ಬಿಡಬೇಡಿ. ಪೇಸ್ಟಿನ ಎಳೆ ಒಳಗೆ ಬಿದ್ದು ದಾರಿ ಮುಚ್ಚಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆಯಿಲ್ ವಾಪಸ್ ಹೋಗುವ ಪೈಪ್ ಎಲ್ಲೂ ಮಡಚಿರಬಾರದು, ಆಯಿಲ್ ಅಲ್ಲಿ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಇಂಟರ್‌ಕೂಲರ್ ಇಳಿಸಿ ತೊಳೆಸಿ ಒಣಗಿಸಿ. ಪೈಪ್ ಹಾಕುವ ಮೊದಲು ಟರ್ಬೋ ಒಳಗೆ ಸ್ವಲ್ಪ ಆಯಿಲ್ ಬಿಟ್ಟು ಕೈಯಲ್ಲಿ ತಿರುಗಿಸಬೇಕು, ಒಣಗಿದ ಶಾಫ್ಟನ್ನು ಓಡಿಸಬಾರದು. ಸ್ಟಾರ್ಟ್ ಮಾಡಿದ ಕೂಡಲೇ ರೇಸ್ ಬೇಡ.

ನೀರು ಪೂರ್ತಿ ಇಳಿಸಿ. ಕೂಲಂಟಿಗೆ ಡಿಸ್ಟಿಲ್ಡ್ ನೀರು ಅರ್ಧಕ್ಕರ್ಧ. ಬಣ್ಣ ನೋಡಿ ಕೂಲಂಟ್ ತರಬೇಡಿ, ಹಸಿರು ಕೆಂಪು ಅನ್ನುವುದಕ್ಕೆ ಒಂದು ನಿಯಮ ಇಲ್ಲ. ಗಾಡಿಯ ಪುಸ್ತಕದಲ್ಲಿ ಯಾವುದು ಬರೆದಿದೆಯೋ ಅದು.

ಕರಾವಳಿ ಡೀಸೆಲ್, ಉಪ್ಪಿನಂಗಡಿ

ಹೇಗೂ ಬಿಚ್ಚುತ್ತೀರಲ್ಲ, ಆಗಲೇ ರೇಡಿಯೇಟರಿಗೂ ಮುಂದಿನ ಎಸಿ ಕಂಡೆನ್ಸರ್‌ಗೂ ನಡುವೆ ಟಾರ್ಚ್ ಬಿಟ್ಟು ನೋಡಿ. ಮಳೆಗಾಲದ ಕೆಸರು, ಹುಳ, ಹುಲ್ಲು ಎಲ್ಲ ಅಲ್ಲೇ ಕೂರುವುದು. ಹೊರಗಿಂದ ಮುಖ ಫಳಫಳ ಅನ್ನುತ್ತದೆ, ನಡುವೆ ಕಂಬಳಿ ಹೊದ್ದ ಹಾಗಿರುತ್ತದೆ. ಪ್ರೆಷರ್ ನೀರು ಹತ್ತಿರದಿಂದ ಹೊಡೆಯಬೇಡಿ, ತೆಳು ರೆಕ್ಕೆ ಮಡಚಿಕೊಳ್ಳುತ್ತವೆ.

ಮತ್ತೆ ಆ 130 ಕ್ರೇಟ್...

ಟೊಮ್ಯಾಟೊ ಗಾಡಿ, ಕೋಲಾರ

130 ಬಗ್ಗೆ ಎಲ್ಲರೂ ಬೈಯುತ್ತೀರಿ ಅಂತ ಗೊತ್ತಿತ್ತು. ರೇಟ್ ಬಿದ್ದಾಗ 100 ಕ್ರೇಟ್ ತೆಗೆದುಕೊಂಡು ಹೋದರೆ ಡೀಸೆಲ್, ಟೋಲ್ ಕಳೆದು ಕೈಗೆ ಏನೂ ಉಳಿಯುವುದಿಲ್ಲ. ಸಮರ್ಥನೆ ಅಲ್ಲ, ಲೆಕ್ಕ ಹೇಳಿದೆ ಅಷ್ಟೇ.

ಡಲ್ಲಾಸ್ ಕನ್ನಡಿಗ

ಆ ಲೆಕ್ಕಕ್ಕೆ 61,500ನ್ನೂ ಸೇರಿಸಿ ನೋಡಿ ಅಣ್ಣ.

ಟೊಮ್ಯಾಟೊ ಗಾಡಿ, ಕೋಲಾರ (ಹತ್ತು ದಿನದ ನಂತರ)

ಕೆಲಸ ಮುಗಿಯಿತು. ಬೇರೆ ಮೇಸ್ತ್ರಿ ಹತ್ತಿರ ಮಾಡಿಸಿದೆ, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ.

ಆಯಿಲ್ ಪೈಪ್ ಬಿಚ್ಚಿ ಒಂದು ತುದಿಯಿಂದ ಬೆಳಕು ನೋಡಿದರೆ ಸೂಜಿ ಮೊನೆಯಷ್ಟು ಕಾಣುತ್ತಿತ್ತು. ತಂತಿ ಹಾಕಿ ಕೆರೆದರೆ ಕಾಡಿಗೆ ಹಾಗೆ ಕರಿ ಉದುರಿತು. ಮೇಸ್ತ್ರಿಗಳು ಹೇಳಿದ್ದೇ. ಹೊಸ ಪೈಪ್ ಕೋಲಾರದಲ್ಲಿ ಸಿಗಲಿಲ್ಲ, ಬೆಂಗಳೂರು ಜೆ.ಸಿ. ರಸ್ತೆಗೆ ಹೋಗಿ ತಂದೆ. ಪೈಪ್, ಬೋಲ್ಟ್, ವಾಷರ್ ಎಲ್ಲ ಸೇರಿ 1,150. ಅರ್ತ್ ಪಟ್ಟಿ 180 ರೂಪಾಯಿ. 61,500 ಕೊಟ್ಟವನಿಗೆ ಆ 180 ರೂಪಾಯಿ ಬಿಲ್ ನೋಡಿ ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ.

ಇಂಟರ್‌ಕೂಲರ್‌ನಿಂದ ಒಂದು ಲೋಟದಷ್ಟು ಆಯಿಲ್ ಇಳಿಯಿತು. ಏರ್ ಹೋಸ್‌ನಲ್ಲಿ ಬಿರುಕು ಇರಲಿಲ್ಲ. ಈಗಿನ ರೇಡಿಯೇಟರ್ ಕೂಡ ಒಂದು ಕಡೆ ಬೆವರುತ್ತಿತ್ತು, ಹಾಗಾಗಿ ಮೂರನೆಯದು ಹಾಕಿಸಲೇಬೇಕಾಯಿತು. ಕೂಲಂಟ್ ಹಾಕಿದ ಮೇಲೆ ಅಳೆದೆ: ಆಫ್ ಇದ್ದಾಗ 0.05, ಸೆಲ್ಫ್ ಹೊಡೆದಾಗ 0.1.

ವೈರಿಂಗ್ ಅಂಗಡಿ, ಶಿವಮೊಗ್ಗ

ಇದು ಸರಿಯಾದ ರೀಡಿಂಗ್. ತಿಂಗಳಿಗೊಂದು ಸಲ ಅಳೆಯುತ್ತಾ ಇರಿ.

ಮೂರು ಗಾಡಿ, ಹಾವೇರಿ

ನಮ್ಮ ಮೂರರಲ್ಲಿ ಎರಡು ಗಾಡಿ ಸರಿ ಇವೆ. ಒಂದರಲ್ಲಿ 0.6 ಬಂತು. ಬ್ಯಾಟರಿ ಮೈನಸ್ ಕ್ಲಾಂಪ್ ಬಿಚ್ಚಿದರೆ ಒಳಗೆ ಬಿಳಿ ಬೂಷ್ಟು. ಬಿಸಿನೀರು ಹಾಕಿ ಉಜ್ಜಿ ಬಿಗಿ ಮಾಡಿದ ಮೇಲೆ 0.1ಕ್ಕೆ ಇಳಿಯಿತು. ಮೇಸ್ತ್ರಿಗಳೇ, ಥರ್ಮೋಸ್ಟಾಟ್ ವಿಷಯ ಇನ್ನೂ ಯೋಚನೆ ಮಾಡುತ್ತಿದ್ದೇನೆ, ಒತ್ತಾಯ ಮಾಡಬೇಡಿ.

ಟೊಮ್ಯಾಟೊ ಗಾಡಿ, ಕೋಲಾರ (ಎರಡು ತಿಂಗಳ ನಂತರ)

ಕೇಳಿದವರಿಗೆಲ್ಲ ಉತ್ತರ ಇಲ್ಲೇ ಬರೆಯುತ್ತೇನೆ. ಮಂಗಳೂರಿಗೆ ಹದಿನಾಲ್ಕು ಟ್ರಿಪ್ ಆಯಿತು. ಮುಳ್ಳು ನಡು ದಾಟಿಲ್ಲ. ದೋಣಿಗಲ್‌ನಲ್ಲಿ ಗಾಡಿ ನಿಲ್ಲಿಸಿ ಎರಡು ನಿಮಿಷ ಎಂಜಿನ್ ಸ್ಲೋ ಓಡಲು ಬಿಟ್ಟು ಆಮೇಲೆ ಆಫ್ ಮಾಡುತ್ತೇನೆ. ಚಹಾ ಅಂಗಡಿಯವನು "ಡೀಸೆಲ್ ಜಾಸ್ತಿಯಾಯಿತಾ" ಅಂತ ತಮಾಷೆ ಮಾಡುತ್ತಾನೆ. ಕ್ರೇಟ್ 105ಕ್ಕೆ ನಿಲ್ಲಿಸಿದ್ದೇನೆ. ಒಂದು ಸಲ 120 ಹಾಕಿದ್ದೆ, ಒಪ್ಪಿಕೊಳ್ಳುತ್ತೇನೆ.

ಮೊನ್ನೆ ಕ್ಲಚ್ ಹಾಕಿದ ಗ್ಯಾರೇಜ್ ಮುಂದೆ ಹೋಗುತ್ತಿದ್ದೆ, ಒಳಗೆ ಹೋದೆ. ಜಗಳಕ್ಕೆ ಅಲ್ಲ. ಆಷಾಢದಲ್ಲಿ ನನ್ನ ಗಾಡಿಯದೊಂದು ಅರ್ತ್ ಪಟ್ಟಿ ಇಲ್ಲೇ ಉಳಿದಿರಬೇಕು ಅಂದೆ. ಹುಡುಗ ನಟ್ಟು ಬೋಲ್ಟಿನ ಹಳೇ ಪೇಂಟ್ ಡಬ್ಬ ತಂದು ನೆಲಕ್ಕೆ ಸುರಿದ. ಅದರಲ್ಲಿ ನಾಲ್ಕು ಪಟ್ಟಿ ಇದ್ದವು. "ಇದರಲ್ಲಿ ನಿಮ್ಮದು ಯಾವುದು ಅಣ್ಣ?" ಅಂತ ಕೇಳಿದ.